ಪಾಸ್‌ವರ್ಡಿನ ಗಿರಿಜಾ ಮೇಡಂ

ಗಿರಿಜಾ ಮೇಡಂ ಕಂಪ್ಯೂಟರಿಗೂ ಬಹುವಚನ ಕೊಡುತ್ತಿದ್ದರು. "ಇವ್ರು ಇನ್ನೂ ಎದ್ದಿಲ್ಲ, ತಡೀರಿ," ಎಂದು ಪರದೆಯ ಮುಂದೆ ಕೈಕಟ್ಟಿ ಕೂರುತ್ತಿದ್ದರು. ಶಿರಾಳಕೊಪ್ಪದಲ್ಲಿ ಅವರದೊಂದು ಸಣ್ಣ ಕಂಪ್ಯೂಟರ್ ತರಬೇತಿ ಕೇಂದ್ರವಿತ್ತು. ತೊಂಬತ್ತರ ದಶಕದ ಕೊನೆಗೆ ನಮ್ಮ ಬೀಜ-ಗೊಬ್ಬರದ ಅಂಗಡಿಗಳಿಗೆ ಕಂಪ್ಯೂಟರ್ ಬಂದಾಗ, ನೋಡಿಕೊಳ್ಳಲು ಬಂದವರು ಅವರೇ.

ಅಂಗಡಿ ಎರಡು. ಶಿಕಾರಿಪುರದ್ದನ್ನು ಅಣ್ಣ ಬಸಣ್ಣನವರು, ಸೊರಬದ್ದನ್ನು ತಮ್ಮ ಶಿವಣ್ಣನವರು ನಡೆಸುತ್ತಿದ್ದರು. ಲೆಕ್ಕ ಬರೆಯುವ ನಾನು ಎರಡೂ ಕಡೆಯವನು. ಯಾವುದೋ ಮನಸ್ತಾಪಕ್ಕೆ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದರಿಂದ, ಅವರು ಹೇಳಿ ಕಳಿಸುವುದನ್ನೆಲ್ಲ ನಾನೇ ಬಸ್ಸಿನಲ್ಲಿ ಹೊತ್ತು ತಿರುಗುತ್ತಿದ್ದೆ. ಊರಿಗೊಂದು ಪಾಸ್‌ವರ್ಡ್ ಬೇರೆ. ನಾನು ಮರೆತು ಪರದಾಡುವುದನ್ನು ನೋಡಿ ಮೇಡಂ, "ಒಂದ್ ಕಡೆ ಗುರುತು ಹೇಳಿದ್ರೆ ಇನ್ನೊಂದ್ ಕಡೆಯವ್ರೂ ನಂಬೋ ಹಾಗೆ ಮಾಡಾಣ, ನಾಗರಾಜಣ್ಣ," ಎಂದರು.

ಅದಕ್ಕೆ ಎರಡೂ ಊರಿನ ಸರ್ವರುಗಳಲ್ಲಿ, ಅಂದರೆ ಲೆಕ್ಕವಿಡುವ ಮುಖ್ಯ ಕಂಪ್ಯೂಟರುಗಳಲ್ಲಿ, ಒಂದೇ ಗುಟ್ಟಿನ ಪದ ಒತ್ತಿ, ಆಮೇಲೆ ಫೋನ್ ತಂತಿಯಲ್ಲಿ ಅವನ್ನು ಜೋಡಿಸಬೇಕಿತ್ತು. ಪದ ಒತ್ತುವುದೊಂದನ್ನು ಬಿಟ್ಟು ಸೊರಬದ ಕೆಲಸವನ್ನೆಲ್ಲ ಹಿಂದಿನ ದಿನವೇ ಮುಗಿಸಿದ್ದ ಮೇಡಂ, ಶಿಕಾರಿಪುರದಿಂದ ಶಿವಣ್ಣನವರಿಗೆ ಫೋನ್ ಹಚ್ಚಿ ರಿಸೀವರನ್ನು ಬಸಣ್ಣನವರ ಕೈಗಿಟ್ಟರು.

"ಪದ ನೀವಿಬ್ರೇ ಮಾತಾಡಿ ಇಟ್ಕಳ್ರಿ. ನಂಗೂ ಗೊತ್ತಾಗಬಾರ್ದು."

ಮೇಡಂ ಅವರೇ ಯಾವುದಾದರೂ ಪದ ಇಡಬಹುದಿತ್ತಲ್ಲ ಎಂದು ನನಗೆ ಆಗಲೇ ಅನ್ನಿಸಿತು. ಬಸಣ್ಣನವರು ರಿಸೀವರನ್ನು ಈ ಕಿವಿಯಿಂದ ಆ ಕಿವಿಗೆ ಬದಲಿಸಿದರು. ಕೊನೆಗೆ, "ಶಿವಾ, ನಾವ್ ಸಣ್ಣೋರಿದ್ದಾಗ ಒಂದು ಕೆಂದೆತ್ತು ಇತ್ತಲ್ಲ, ಅದ್ರ ಹೆಸ್ರು ನೆನಪೈತೇನೋ?" ಎಂದರು. ಮೇಡಂ ನನಗೆ ಕಣ್ಸನ್ನೆ ಮಾಡಿ ಹೊರಗೆ ಕರೆದರು.

ಜೋಡಣೆ ಆಗಲಿಲ್ಲ. "ಸ್ಪೆಲ್ಲಿಂಗ್ ಬೇರೆ ಆಗಿರ್ಬೇಕು. ಇನ್ನೊಂದ್ಸಲ ಮಾತಾಡ್ರಿ," ಎಂದು ಮೇಡಂ ಮತ್ತೆ ಫೋನ್ ಹಚ್ಚಿಕೊಟ್ಟರು. ಈ ಸಲ ಬಾಗಿಲಾಚೆಗೂ ಕೇಳಿಸಿತು: "ಎರಡು ಎನ್ ಹಾಕೋ! ನೀ ಸಾಲಿಗೆ ಹೋಗಿದ್ದೇ ಸುಳ್ಳು!" ಆಮೇಲೆ ನಗು. ನಗು ನಿಂತರೂ ಮಾತು ನಿಲ್ಲಲಿಲ್ಲ. ಎತ್ತಿನಿಂದ ಅವ್ವನ ಮಂಡಿನೋವಿಗೆ ಹೊರಳಿತ್ತು. ನಾನು ಒಳಹೋಗಲು ಎದ್ದೆ.

"ಕೂತ್ಕಳ್ರೀ, ಚಾ ಕುಡೀರಿ. ಕಂಪ್ಯೂಟರ್ ಕಾಯ್ತಾರೆ," ಎಂದರು ಮೇಡಂ.

ಸಂಜೆ ಶಿಕಾರಿಪುರದಲ್ಲೇ ಕೂತು, ಒಂದೇ ಪಾಸ್‌ವರ್ಡಿನಲ್ಲಿ ನಾನು ಸೊರಬದ ಲೆಕ್ಕ ತೆರೆದಾಗ ಅವರು ಮಗುವಿನಂತೆ ಚಪ್ಪಾಳೆ ತಟ್ಟಿದರು.

ಮರುವರ್ಷ ಮೇಡಂ ಕೇಂದ್ರ ಮುಚ್ಚಿ, ಕಾಯಿಲೆಯ ತಾಯಿಯನ್ನು ಕರೆದುಕೊಂಡು ಹುಬ್ಬಳ್ಳಿಗೆ ಹೊರಟರು. ಕಳಿಸಿಕೊಡಲು ಬಸ್ ನಿಲ್ದಾಣಕ್ಕೆ ಅಣ್ಣತಮ್ಮ ಇಬ್ಬರೂ ಬಂದಿದ್ದರು. ತಾಯಿಯನ್ನು ಕಿಟಕಿ ಪಕ್ಕ ಕೂರಿಸಿ, ಮೇಡಂ ನನಗೊಂದು ನಂಬರ್ ಹೇಳಿದರು. "ಫೋನ್ ಮಾಡ್ರಿ, ನಾಗರಾಜಣ್ಣ. ಕಂಪ್ಯೂಟರ್ ಕೆಟ್ಟಾಗ್ಲೇ ಮಾಡ್ಬೇಕಂತಿಲ್ಲ."

ಒಂದೆರಡು ಸಲ ಮಾಡಿದೆ. ಸಂಕೋಚಕ್ಕೆ ಕೆಲಸದ ಮಾತನ್ನಷ್ಟೇ ಆಡಿ ಇಟ್ಟೆ. ಕೊನೆಯ ಸಲ ಬೇರೆ ಯಾರೋ ಎತ್ತಿ, ಅವರು ಮನೆ ಖಾಲಿ ಮಾಡಿದರು, ಎಲ್ಲಿಗೆ ಹೋದರೋ ಗೊತ್ತಿಲ್ಲ ಎಂದರು. ಅವತ್ತು ಕಂಪ್ಯೂಟರ್ ಚೆನ್ನಾಗಿಯೇ ಇತ್ತು. ಊಟ ಆಯಿತಾ ಮೇಡಂ ಎಂದು ಕೇಳೋಣವೆಂದು ಮಾಡಿದ್ದೆ.