ಕ್ಯಾಸೆಟ್ಟಿನಲ್ಲಿ ಸೇರಿಕೊಂಡ ಉರುಮೆ

ದೆವ್ವ, ಮಾಟ ಎಂದವರನ್ನು ಗೇಲಿ ಮಾಡಿಯೇ ಬೆಳೆದವನು ನಾನು. ಈಗಲೂ ದೆವ್ವವನ್ನು ನಂಬುವುದಿಲ್ಲ. ಆದರೆ ಒಂದು ಕ್ಯಾಸೆಟ್ಟಿನ ವಿಷಯ ಬಂದರೆ ಗೇಲಿ ಮಾಡಲಾರೆ. ನೀವು ನಂಬಲೇಬೇಕೆಂದು ಹಟವೇನಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ಮಧುಗಿರಿಯಲ್ಲಿ ನಮ್ಮದೊಂದು ರಾಕ್ ತಂಡ, ಶಿರಾದಲ್ಲಿ ಬಷೀರನದೊಂದು. ಎರಡರದೂ ಪಲ್ಲವಿಯಿಲ್ಲದ, ತಾಳ ನಡುದಾರಿಯಲ್ಲಿ ಮುರಿಯುವ ಸಂಗೀತ. ಕೇಳಿದವರು ಆಂಪ್ಲಿಫೈಯರ್ ಕೆಟ್ಟಿದೆಯೇ ಎಂದು ವಿಚಾರಿಸುತ್ತಿದ್ದರು. ಎರಡೂ ತಂಡ ಸೇರಿ ಒಂದೇ ಒಂದು ಕ್ಯಾಸೆಟ್ ಮಾಡೋಣವೆಂದು ಮಾತಾಯಿತು. ಬಷೀರನ ತಂಡದ ಜೀವವೆಂದರೆ ಬರಗೂರಿನ ಕರಿಯಣ್ಣ. ಅವನು ಕೋಲಿನಿಂದ ಉರುಮೆಯ ಚರ್ಮ ಉಜ್ಜಿದಾಗ ಹೊರಡುತ್ತಿದ್ದ ನರಳುವ ದನಿಯ ಮುಂದೆ ನನ್ನ ಗಿಟಾರು ಸಪ್ಪೆ. ನನಗೆ ಹೊಟ್ಟೆಕಿಚ್ಚು, ಇನ್ನೇನು! ನನ್ನ ಕೆಲಸ ಬರಗೂರಿನಲ್ಲಿದ್ದುದರಿಂದ ಅವನಿಗೆ ದಿನ ತಿಳಿಸುವ ಹೊಣೆ ನನ್ನ ಮೇಲೆ ಬಿತ್ತು. ರೆಕಾರ್ಡಿಂಗ್ ಇದ್ದದ್ದು ಶನಿವಾರ. ನಾನು ಭಾನುವಾರ ಎಂದು ಹೇಳಿಬಂದೆ.

ಕೊಡಿಗೇನಹಳ್ಳಿಯ ಬಳಿ ಪಾಳುಬಿದ್ದ ಕಡಲೆಕಾಯಿ ಮಿಲ್ಲೊಂದಿತ್ತು, ಕರೆಂಟು ಮಾತ್ರ ಇನ್ನೂ ಇತ್ತು. ಶನಿವಾರ ಅಲ್ಲಿ ಮಧ್ಯಾಹ್ನದವರೆಗೆ ಕರಿಯಣ್ಣನಿಗೆ ಕಾದು, ಅವನಿಲ್ಲದೆಯೇ ನುಡಿಸಿದೆವು. ಟೇಪ್ ರೆಕಾರ್ಡರನ್ನು ಕರೆಂಟಿಗೆ ಸಿಕ್ಕಿಸಿದರೆ ಗುಂಯ್ ಎನ್ನುತ್ತಿತ್ತು, ಅದಕ್ಕೆ ಸೆಲ್ ಹಾಕಿದೆವು. ನಮ್ಮ ಕಡೆಯ ಎಲ್ಲರಂತೆ ಹಳೆಯ ಸೆಲ್ಲುಗಳನ್ನೇ ಬಿಸಿಲಿಗೆ ಕಾಯಿಸಿ ಹಾಕಿದ್ದು ನಮ್ಮ ದಡ್ಡತನ. ಟೇಪು ನಿಧಾನವಾಗಿ ಓಡಿದ್ದು ಯಾರಿಗೂ ತಿಳಿಯಲಿಲ್ಲ.

ಸೋಮವಾರ ಬಷೀರನ ಮನೆಯಲ್ಲಿ ಹೊಸ ಸೆಲ್ ಹಾಕಿ ಕೇಳಿದೆವು. ನಿಧಾನದಲ್ಲಿ ಹಿಡಿದದ್ದೆಲ್ಲ ಈಗ ಎದ್ದುಬಿದ್ದು ಓಡಿತು. ಗಿಟಾರುಗಳು ಗುಬ್ಬಿಗಳ ಹಾಗೆ ಕಿಚಗುಟ್ಟಿದವು. ಅವುಗಳ ನಡುವೆ ಒಂದು ಉರುಮೆ, ತನ್ನ ಸಹಜ ದನಿಯಲ್ಲಿ, ನಮ್ಮ ಓಟಕ್ಕೆ ಸರಿಯಾಗಿ ತಾಳ ಹಿಡಿದು ನರಳುತ್ತಿತ್ತು.

“ಯಾ ಅಲ್ಲಾ! ಇದು ಕರಿಯಣ್ಣಂದೇ ಕೈ ಕಣ್ಲಾ. ಅವ್ನು ಬರ್ಲೇ ಇಲ್ವಲ್ಲಾ!” ಎಂದ ಬಷೀರ್.

ಕ್ಯಾಸೆಟ್ ಅಲ್ಲಿಯವರೆಗೂ ನನ್ನ ಟ್ರಂಕಿನಲ್ಲಿತ್ತು, ಬೀಗದ ಕೈ ನನ್ನ ಜೇಬಿನಲ್ಲಿ. ಮತ್ತೆ ಹಾಕಿದೆವು, ಮತ್ತೆ ಅದೇ ಉರುಮೆ.

ಮರುದಿನ ಬರಗೂರಿಗೆ ಹೋದೆ. ಕರಿಯಣ್ಣ ಕುರಿ ಹಟ್ಟಿಯ ಮುಂದೆ ಕೂತಿದ್ದ. ಭಾನುವಾರ ಮಿಲ್ಲಿಗೆ ಬಂದಿದ್ದೆಯಾ ಎಂದು ಕೇಳಿದೆ. ಅವನಿಗೆ ರೇಗಿತು.

“ಬರ್ದೆ ಇರ್ತೀನಾ? ನಾ ಬರೋ ಹೊತ್ಗೆ ನೀವೆಲ್ಲಾ ಸುರು ಮಾಡ್ಕಂಡ್ಬುಟ್ಟಿದ್ರಿ. ಒಬ್ರೂ ಮಾತಾಡ್ಲಿಲ್ಲ. ನಾನೂ ಕುಂತ್ಕಂಡು ಬಾರಿಸ್ದೆ. ಅದೇನ್ಲಾ ಅಂಗೆ ಓಡಿಸ್ತಿದ್ರಿ, ನನ್ ಕೈ ಸೋತೋಯ್ತು!” ಆಮೇಲೆ ದನಿ ಇಳಿಸಿದ. “ಎಲ್ರೂ ಒಂದ್ಸಲನಾದ್ರೂ ನನ್ ಕಡೆ ನೋಡಿದ್ರು. ನೀನೊಬ್ಬ ತಲೆ ಎತ್ಲಿಲ್ಲ. ನಾನೇನ್ಲಾ ತೆಪ್ಪು ಮಾಡಿದ್ದೆ ನಿಂಗೆ?”

ಭಾನುವಾರವಿಡೀ ನಾನು ಮಧುಗಿರಿಯ ಮನೆಯಲ್ಲಿ ಬಟ್ಟೆ ಒಗೆಯುತ್ತಿದ್ದೆ. ಅದನ್ನು ಹೇಳಬೇಕಾದರೆ ನನ್ನ ಸುಳ್ಳನ್ನೂ ಹೇಳಬೇಕಿತ್ತು. ಹೇಳಲಿಲ್ಲ.

ಎರಡು ತಂಡಗಳೂ ಮತ್ತೆ ಸೇರಲಿಲ್ಲ. ಯಾರು ಯಾರನ್ನು ಎಲ್ಲಿ ನೋಡಿದರೋ, ಇವತ್ತಿಗೂ ನನಗೆ ಬಗೆಹರಿದಿಲ್ಲ. ಆ ಕ್ಯಾಸೆಟ್ ನನ್ನಲ್ಲೇ ಇದೆ. ಅಪರೂಪಕ್ಕೆ ಹಾಕುತ್ತೇನೆ. ಉರುಮೆ ಬರುವ ಜಾಗದಲ್ಲಿ ನನಗರಿವಿಲ್ಲದೆ ತಲೆ ಎತ್ತುತ್ತೇನೆ. ಎದುರಿಗೆ ಬರೀ ಗೋಡೆ ಇರುತ್ತದೆ.