ಫೋನು ಮುಟ್ಟಿಸಿ ಸಾಮಾನು ತಂದ ವರ್ಷ

ನಾವು ತಮಿಳುನಾಡಿನ ಹೊಸೂರಿನಲ್ಲಿ ಒಂದು ಫ್ಯಾಕ್ಟರಿಯ ಹಿಂದಿನ ವಠಾರದಲ್ಲಿ ಬಾಡಿಗೆಗೆ ಇದ್ದಾಗ ನಡೆದದ್ದಿದು. ಮಗ ಹತ್ತಿರದ ತಳಿ ಊರಿನಿಂದ ಬೆಂಗಳೂರಿಗೆ ಕೋಸು, ಹೂವು ಸಾಗಿಸುವ ಟೆಂಪೊ ಓಡಿಸುತ್ತಿದ್ದ. ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಸೊಸೆ ಆ ಫ್ಯಾಕ್ಟರಿಯಲ್ಲೇ ಸಣ್ಣಸಣ್ಣ ಬಿಡಿಭಾಗ ಜೋಡಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಮನೆ ನಡೆಸುವವಳು ನಾನು. ನಡೆಸು ಅಂತ ಯಾರೂ ಹೇಳಿದ್ದಲ್ಲ. ಬೇರೆ ಯಾರೂ ಇರಲಿಲ್ಲ, ಅಷ್ಟೆ.

ಫ್ಯಾಕ್ಟರಿಯವರು ಕೆಲಸಗಾರರಿಗೆಂದು ಗೇಟಿನ ಪಕ್ಕ ಒಂದು ಅಂಗಡಿ ಇಟ್ಟಿದ್ದರು. ಆ ವರ್ಷ ಅಲ್ಲಿ ಹೊಸ ಏರ್ಪಾಡು ಬಂತು. ಕೆಲಸಗಾರರ ಮೊಬೈಲ್ ಫೋನಿನ ಬೆನ್ನಿಗೆ ರೂಪಾಯಿ ಅಗಲದ ಒಂದು ಸ್ಟಿಕ್ಕರ್ ಅಂಟಿಸಿಕೊಟ್ಟರು. ದುಡ್ಡು ತೆಗೆಯುವ ಕೆಲಸವಿಲ್ಲ. ಬಿಲ್ ಹಾಕುವ ಮೇಜಿನ ಅಂಚಿಗೆ ಒಂದು ಕಪ್ಪು ಹಲಗೆ ಕೂರಿಸಿದ್ದರು. ಅದಕ್ಕೆ ಫೋನು ಮುಟ್ಟಿಸಿದರೆ ಕುಂಯ್ ಅನ್ನುತ್ತದೆ, ಆ ಮೊತ್ತವನ್ನು ತಿಂಗಳ ಸಂಬಳದಲ್ಲಿ ಹಿಡಿದುಕೊಳ್ಳುತ್ತಾರೆ. ಫ್ಯಾಕ್ಟರಿಯೊಳಗೆ ಫೋನು ಬಿಡುತ್ತಿರಲಿಲ್ಲ. ಸೊಸೆ ಅದನ್ನು ಮನೆಯಲ್ಲೇ ಬಿಟ್ಟು ಹೋಗುತ್ತಿದ್ದಳು. ಹಾಗಾಗಿ ಮುಟ್ಟಿಸುವವಳು ನಾನಾದೆ.

ನಾನು ಓದಿದ್ದು ಕನ್ನಡದಲ್ಲಿ ಮೂರನೇ ಕ್ಲಾಸು. ಅಂಗಡಿಯ ಬೋರ್ಡು ತಮಿಳು, ಬಿಲ್ಲು ಇಂಗ್ಲಿಷು. ನನಗೆ ಎರಡೂ ಒಂದೇ. ಬಿಲ್ ಹಾಕುವ ಹುಡುಗಿ ಬಾಯಲ್ಲಿ ಹೇಳಿದಷ್ಟನ್ನು ನಂಬಿ ಬರುತ್ತಿದ್ದೆ. ಫೋನನ್ನು ಎಲೆಯಡಿಕೆ ಚೀಲಕ್ಕೆ ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದೆ. ದುಡ್ಡಿನ ಜಾಗ ಅದೇ, ನಮ್ಮ ಕಡೆ ಹೆಂಗಸರದ್ದು. ಸಾಮಾನಿಗೆ ಹೋದರೆ ಅರ್ಧ ಗಂಟೆ ನಿಲ್ಲಬೇಕು. ನಿಂತರೆ ಮಂಡಿ ಹಿಡಿಯುತ್ತಿತ್ತು. ನನ್ನ ಸರದಿಗೆ ಇನ್ನೊಬ್ಬರು ಇರುವಾಗಲೇ ಮುಂದೆ ಹೋಗಿ ಮೇಜಿನಂಚಿಗೆ ಸೊಂಟ ಆನಿಸಿ ನಿಲ್ಲುತ್ತಿದ್ದೆ. ಮುದುಕಿ ಅಂತ ಯಾರೂ ಏನೂ ಅನ್ನುತ್ತಿರಲಿಲ್ಲ.

ಎರಡು ತಿಂಗಳು ಹೀಗೇ ಹೋಯಿತು. ಒಂದು ಮಧ್ಯಾಹ್ನ ಸೊಸೆ ಬೆಳಗಿನ ಪಾಳಿ ಮುಗಿಸಿ ಬಂದವಳು ಅಂಗಡಿಯ ಲೆಕ್ಕವೂ ಅಚ್ಚಾದ ಸಂಬಳದ ಚೀಟಿ ಹಿಡಿದು ನನ್ನ ಎದುರು ಕೂತಳು.

"ಅತ್ತೆ, ಸೋಮವಾರ ಅಂಗಡೀಗೆ ಎರಡು ಸಲ ಹೋಗಿದ್ರಾ?"

"ಒಂದು ಸಲ ಹೋಗ್ಬರೋದ್ರೊಳಗೆ ಮಂಡಿ ಬಿಚ್ಕಂಡು ಬತ್ತದೆ. ಎರಡು ಸಲ ಯಾವ ಸುಖಕ್ಕೆ ಹೋಗ್ಲಿ?"

"ಇಲ್ಲಿ ಎರಡು ಸಲ ಐತೆ. ನಾಕು ದಿನ ಹಿಂಗೇ ಐತೆ."

"ಮಿಸೀನು ತಪ್ಪು ಹಾಕಿರ್ತದೆ."

"ಮಿಸೀನು ಯಾಕೆ ತಪ್ಪು ಹಾಕ್ತದೆ ಅತ್ತೆ? ಉದ್ದನಪಲ್ಲಿಗೆ ಏನಾದ್ರೂ ಕಳಿಸಿದ್ರಾ? ಕಳಿಸಿದ್ರೆ ಕಳಿಸ್ದೆ ಅನ್ನಿ. ನಾನೇನು ಹೊಡೀತೀನಾ?"

ಉದ್ದನಪಲ್ಲಿಗೆ ನಾನು ಮಗಳನ್ನು ಕೊಟ್ಟಿದ್ದೇನೆ. ಅವಳ ಮನೆಗೆ ಒಂದು ಕಾಳು ಸಕ್ಕರೆ ಕೂಡ ಕಳಿಸಿರಲಿಲ್ಲ. ಇಲ್ಲ ಅಂದೆ. ಸೊಸೆ ಸರಿ ಅಂದು ಎದ್ದು ಹೋದಳು. ಕಳ್ಳಿ ಅನ್ನಲಿಲ್ಲ. ಅಂದಿದ್ದರೆ ಬೀದಿಗೆ ಕೇಳುವ ಹಾಗೆ ಜಗಳವಾಡಿ ಅವತ್ತೇ ಮುಗಿಸುತ್ತಿದ್ದೆ. ಅನ್ನದೆ ಇಟ್ಟುಕೊಂಡದ್ದಕ್ಕೆ ಏನು ಮಾಡುವುದು?

ಮಗನಿಗೆ ಹೇಳಿದೆ. "ಇಬ್ರೂ ಏನಾರ ಮಾಡ್ಕಳ್ಳಿ, ನಂಗೆ ನಿದ್ದೆ ಇಲ್ಲ" ಅಂದು ಟೆಂಪೊ ಹತ್ತಿದ.

ಆಮೇಲೆ ಅನ್ನ ಬಡಿಸುವಾಗ ಕೈ ಹಿಡಿದಂತಾಗುತ್ತಿತ್ತು. ಇವಳು ನನ್ನನ್ನು ನಂಬದಿದ್ದರೆ ಈ ಮನೆಯಲ್ಲಿ ಒಲೆ ಹಚ್ಚುವುದು ನನ್ನಿಂದಾಗದು. ಎದ್ದು ಹೋಗೋಣವೆಂದರೆ ಹೋಗಲಿಕ್ಕೆ ಇದ್ದದ್ದು ಉದ್ದನಪಲ್ಲಿಯೊಂದೇ. ಅಲ್ಲಿಗೆ ಹೋದರೆ ಸೊಸೆಯ ಅನುಮಾನಕ್ಕೆ ನಾನೇ ಮುದ್ರೆ ಒತ್ತಿದ ಹಾಗೆ. ಆ ತಿಂಗಳು ಮಗಳು ಬರುತ್ತೇನೆ ಅಂದಾಗ, ಬೇಡ, ಇಲ್ಲಿ ನೀರಿನ ತೊಂದರೆ ಇದೆ ಅಂತ ಸುಳ್ಳು ಹೇಳಿದೆ.

ಎರಡು ವಾರ ಕಳೆದ ಮೇಲೆ ಒಂದು ಭಾನುವಾರ, ರಜೆಯ ದಿನ, ಸೊಸೆ ತಾನೂ ಅಂಗಡಿಗೆ ಬರುತ್ತೇನೆ ಅಂದಳು. ಚೀಲ ಹಿಡಿಯಲಿಕ್ಕೆ ಅಂದಳು. ಕಾವಲಿಗೆ ಅಂತ ನನಗೆ ಗೊತ್ತಾಯಿತು. ಬಾ ಅಂದೆ.

ಗಿಜಿಗಿಜಿ ಜನ. ನಮ್ಮ ಮುಂದೆ ಪಕ್ಕದ ಬೀದಿಯ ಒಬ್ಬ ಹೆಂಗಸು ಎಣ್ಣೆ, ಸೋಪು, ಕುಕ್ಕರಿನ ರಬ್ಬರು ಎಲ್ಲ ಮೇಜಿನ ಮೇಲೆ ಸುರಿದಿದ್ದಳು. ನಾನು ಎಂದಿನಂತೆ ಅವಳ ಮಗ್ಗುಲಿಗೆ ಹೋಗಿ ಮೇಜಿಗೆ ಒರಗಿದೆ. ಹುಡುಗಿ ಲೆಕ್ಕ ಹಾಕಿ ಒಂದು ಗುಂಡಿ ಒತ್ತಿದಳು. ಕುಂಯ್ ಅಂತು.

"ಆಯ್ತು ಅಕ್ಕಾ, ತಗೊಳ್ಳಿ" ಅಂದಳು ಹುಡುಗಿ.

ಆ ಹೆಂಗಸಿನ ಕೈ ಇನ್ನೂ ಅವಳ ಬ್ಯಾಗಿನೊಳಗೇ ಇತ್ತು. "ಏನಾಯ್ತು? ನಾನಿನ್ನೂ ಫೋನೇ ತೆಗ್ದಿಲ್ವಲ್ಲ!"

ಹುಡುಗಿ ಮಿಷನ್ನು ನೋಡಿದಳು, ಹೆಂಗಸನ್ನು ನೋಡಿದಳು. ಸೊಸೆ ಹಿಂದಿನಿಂದ ಬಗ್ಗಿ ನನ್ನ ಸೊಂಟ ನೋಡಿದಳು.

"ಅತ್ತೆ, ಫೋನ್ ಎಲ್ಲೈತೆ?"

"ಇನ್ನೆಲ್ಲಿ ಇರ್ತದೆ, ಚೀಲದಾಗೆ."

ಅವಳು ನನ್ನ ತೋಳು ಹಿಡಿದು ಹಿಂದಕ್ಕೆ ಎಳೆದಳು. ಹುಡುಗಿ ಆ ಬಿಲ್ಲನ್ನು ಅಳಿಸಿ ಮತ್ತೆ ಹಾಕಿದಳು. ಮಿಷನ್ನು ಸುಮ್ಮನಿತ್ತು. ಸೊಸೆ ನನ್ನನ್ನು ಮೂಟೆಯ ಹಾಗೆ ಮುಂದಕ್ಕೆ ತಳ್ಳಿದಳು. ಕುಂಯ್. ಸೊಂಟದ ಚೀಲ ಸರಿಯಾಗಿ ಆ ಹಲಗೆಯ ಎತ್ತರಕ್ಕೇ ಇತ್ತು. ಒರಗಿದಾಗ ಚೀಲ ಹಲಗೆಗೆ ತಾಗಿದ ದಿನ ಮುಂದಿನವರ ಬಿಲ್ಲು ನಮ್ಮ ಲೆಕ್ಕಕ್ಕೆ ಬಿದ್ದಿತ್ತು. ಅವರು ತಮ್ಮದೇ ಫೋನಿಗೆ ಕೂಗಿತು ಅಂದುಕೊಂಡು ಹೋಗಿದ್ದರು.

"ಅಯ್ಯೋ ಅಜ್ಜೀ, ಮೊದ್ಲೇ ಹೇಳ್ಬಾರ್ದಾ? ಗೊತ್ತಿದ್ರೆ ತಿಂಗಳೆಲ್ಲಾ ನಿಮ್ ಮುಂದೇನೇ ನಿಂತ್ಕತಿದ್ದೆ" ಅಂದಳು ಆ ಹೆಂಗಸು. ಅಂಗಡಿಯೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ, ಕೂರಲು ಜಾಗ ಸಿಕ್ಕರೆ ಸಾಕಾಗಿತ್ತು. ಅಂಗಡಿಯ ಮ್ಯಾನೇಜರು ಬಂದು, ಆ ನಾಲ್ಕು ಬಿಲ್ಲನ್ನೂ ಆಮೇಲೆ ಬಿದ್ದವನ್ನೂ ಹುಡುಕಿಸಿ ಮುಂದಿನ ಸಂಬಳಕ್ಕೆ ಸೇರಿಸುತ್ತೇವೆ ಅಂತ ಸೊಸೆಗೆ ಬರೆದುಕೊಟ್ಟ.

ಮನೆಗೆ ಬಂದು ಕಾಲು ಚಾಚಿ ಕೂತ ಮೇಲೆ ನಾನೇ ಕೇಳಿದೆ.

"ಈಗೇನಂತೀಯ?"

"ಏನನ್ಲಿ ಅತ್ತೆ? ದುಡ್ಡು ವಾಪಸ್ ಬತ್ತದಲ್ಲ."

"ದುಡ್ಡು ಬತ್ತದೆ. ಎರಡು ವಾರ ನನ್ನ ಕಳ್ಳಿ ಮಾಡಿ ಕೂರಿಸ್ದೆಯಲ್ಲ, ಅದು?"

"ನಾನು ಹಂಗೆ ಅನ್ಲೇ ಇಲ್ಲ."

"ಬಾಯಲ್ಲಿ ಅನ್ಲಿಲ್ಲ. ದಿನಾ ಪಾಳಿಗೆ ಹೋಗೋ ಮುಂಚೆ ಅಕ್ಕಿ ಡಬ್ಬದಾಗೆ, ನಾನು ಕೈ ಹಾಕಿದ್ರೆ ಗೊತ್ತಾಗ್ಲಿ ಅಂತ, ಅಕ್ಕಿ ಮೇಲೆ ಬೆರಳಲ್ಲಿ ಗೆರೆ ಎಳ್ದು ಹೋಗ್ತಿದ್ದೆ."

ಅವಳ ಮುಖ ಕೆಂಪಾಯಿತು. "ನೋಡಿದ್ರಾ?" ಅಂದಳು.

"ಅನ್ನಕ್ಕೆ ಅಕ್ಕಿ ಹಾಕೋಳು ನಾನಲ್ವೇನಮ್ಮ."

ಕೂತು ಕಾಲು ನೀವಿಕೊಂಡಳು. ವಾರವೆಲ್ಲ ನಿಂತು ದುಡಿದು ಅವಳ ಪಾದ ಊದಿತ್ತು. ರಜೆಯ ದಿನವೂ ಹೀಗಾಯಿತು. "ತಪ್ಪಾಯ್ತು ಅತ್ತೆ" ಅಂದಳು, ನನ್ನ ಕಡೆ ನೋಡದೆ. ನೋಡಿ ಹೇಳು ಅನ್ನುವಷ್ಟು ಶಕ್ತಿ ನನಗಿರಲಿಲ್ಲ. ಆ ಮಾತು ಬೇಕಾಗಿತ್ತು, ಬಂತು, ಸಾಕು.

ಅವತ್ತು ಅಡಿಗೆಗೆ ತಾನೇ ಎದ್ದ ಸೊಸೆ ಅಕ್ಕಿ ಡಬ್ಬದ ಮುಚ್ಚಳ ತೆಗೆದು, ಪಾವು ತುಂಬುವ ಮೊದಲು ಮೊಣಕೈವರೆಗೆ ಕೈ ಇಳಿಸಿ ಅಕ್ಕಿಯನ್ನೆಲ್ಲ ಕಲಸಿಬಿಟ್ಟಳು. ನಾನು ಕಂಡೂ ಕಾಣದ ಹಾಗೆ ಇದ್ದೆ.

ಮರುದಿನ ಬೆಳಿಗ್ಗೆ ಫೋನು ನನ್ನ ದಿಂಬಿನ ಪಕ್ಕ ಇಟ್ಟು ಪಾಳಿಗೆ ಹೋದಳು. ಮನೆಯಲ್ಲಿ ಬೇಳೆ ಮುಗಿದಿತ್ತು. ತರಲಿಕ್ಕೆ ಬೇರೆ ಯಾರಿದ್ದಾರೆ, ನಾನೇ ಎದ್ದೆ.