ತನ್ನ ಡಂಗುರ ತಾನೇ ಸಾರಿದ ಗದ್ದೆಪ್ಪ

ಗದ್ದೆಪ್ಪ ಮಾನವಿಗೆ ಹೋಗಿ ಸ್ನಾನ ತಗೊಂಡು ಬಂದನಂತೆ, ಅದಕ್ಕೇ ಊರಿನವರು ಅವನನ್ನು ಹೊರಗಿಡುತ್ತಾರಂತೆ ಎಂದು ಕೇಳಿದಾಗ ನನಗೆ ಮೊದಲು ಹೆದರಿಕೆಯಾದದ್ದು ನನ್ನ ಬಗ್ಗೆಯೇ. ರಾಯಚೂರಿನಿಂದ ಆ ಹಳ್ಳಿಗೆ ಮಾಸ್ತರನಾಗಿ ಬಂದು ತಿಂಗಳಾಗಿತ್ತು. ದಿನಾ ಜಳಕ ಮಾಡುತ್ತಿದ್ದೆ. ಮೈ ತೊಳೆದರೆ ಜಳಕ, ಕ್ರಿಸ್ತನ ಹೆಸರಿನಲ್ಲಿ ನೀರಲ್ಲಿ ಮುಳುಗಿ ಎದ್ದರೆ ಸ್ನಾನ ಎಂಬುದು ತಿಳಿಯುವವರೆಗೆ ಎರಡು ದಿನ ಮೈಗೆ ನೀರು ಮುಟ್ಟಿಸಲಿಲ್ಲ.

ಇದು ನಲವತ್ಮೂರನೇ ಇಸವಿಯ ಮಾತು. ದೇವದುರ್ಗ ತಾಲ್ಲೂಕಿನಲ್ಲಿ, ಗಬ್ಬೂರಿನಿಂದ ಒಂದು ಹರದಾರಿ ದೂರದ ಹಳ್ಳಿ. ಡಂಗುರವಾಗಲಿ, ದೇವಿಯ ಪೂಜೆಯಾಗಲಿ, ಊರಿಗೆ ಇದ್ದದ್ದು ಗದ್ದೆಪ್ಪನ ಚರ್ಮದ ಹಲಗೆಯೊಂದೇ. ಸ್ನಾನವಾದ ಮೇಲೆ ಅವನು, "ಡಂಗುರ ಸಾರ್ತೀನ್ರಿ, ದ್ಯಾವಿ ಮುಂದ ಬಾರ್ಸಂಗಿಲ್ರಿ" ಎಂದುಬಿಟ್ಟ.

ಗೌಡರಾದ ವಿರೂಪಣ್ಣನವರಿಗೆ ತಮ್ಮ ಮೀಸೆಯನ್ನೇ ಯಾರೋ ಜಗ್ಗಿದಂತಾಯಿತು. ಚಾವಡಿಯಲ್ಲಿ ತೀರ್ಪು ಕೊಟ್ಟರು: ಅವನು ಹಳೆಯ ದಾರಿಗೆ ಬರುವವರೆಗೆ, ಬಾವಿ ಮುಟ್ಟುವಂತಿಲ್ಲದ ಅವನ ಮನೆಯವರ ಕೊಡಕ್ಕೆ ಯಾರೂ ನೀರು ಸೇದಿ ಸುರಿಯಬಾರದು, ಕೂಲಿಗೆ ಕರೆಯಬಾರದು, ಮಾತಾಡಿಸಬಾರದು. ಇದನ್ನು ಊರಿಗೆಲ್ಲ ಸಾರಬೇಕು ಎಂದೂ ಗತ್ತಿನಿಂದ ಸೇರಿಸಿದರು. ಸಾರುವವನು ಯಾರೆಂದು ಮಾತ್ರ ಯೋಚಿಸಿರಲಿಲ್ಲ.

ಗದ್ದೆಪ್ಪನೇ ಸಾರಿದ. ಓಣಿ ಓಣಿಯಲ್ಲಿ ಹಲಗೆ ಬಾರಿಸಿ, "ಕೇಳ್ರಪ್ಪೋ, ಗದ್ದೆಪ್ಪನ ಮನಿಯವರಿಗೆ ಯಾರೂ ನೀರು ಹಾಕಬಾರ್ದು. ಗದ್ದೆಪ್ಪ ಅಂದ್ರ ನಾನರೀ" ಎಂದ.

ಜನ ನಕ್ಕರು. ನಕ್ಕವರು ನೀರು ಮಾತ್ರ ಹಾಕಲಿಲ್ಲ. ಅವನ ಹೆಂಡತಿ ಮಾನಮ್ಮ ಎಂಟು ತಿಂಗಳ ಬಸುರಿ. ಹಳ್ಳದ ಮರಳು ತೋಡಿ, ಒಸರಿದ ನೀರು ತುಂಬಿ ಹೊತ್ತು ತರುತ್ತಿದ್ದಳು. ಹೆರಿಗೆಗೆ ಮೊದಲು ಊರು ಬಿಡೋಣವೆಂದು ಅವಳು, ಸ್ವಲ್ಪ ತಡಿ ಎಂದು ಇವನು. ಬೆಳಗಾದರೆ ಗೌಡರ ಹೆಸರು ಹಿಡಿದು ಅವರಿಗೆ ಒಳ್ಳೆಯದಾಗಲೆಂದು ಪ್ರಾರ್ಥಿಸುತ್ತಿದ್ದ. ಡಂಗುರದ ಗಂಟಲು; ಚಾವಡಿಯವರೆಗೂ ಕೇಳುತ್ತಿತ್ತು. ಗೌಡರು ಮಾಟವೆಂದು ಹೆದರಿ ರಟ್ಟೆಗೆ ತಾಯಿತ ಕಟ್ಟಿಸಿಕೊಂಡರು.

ಮೂರನೆಯ ವಾರ ಗೌಡರ ಎತ್ತಿನ ಜೋಡಿ ತಪ್ಪಿಸಿಕೊಂಡಿತು. ಡಂಗುರ ಸಾರಿಸಲೇಬೇಕು, ಮಾತಾಡಿಸಬಾರದೆಂದವರೂ ತಾವೇ. ಕೊನೆಗೆ ಗದ್ದೆಪ್ಪನ ಗುಡಿಸಲ ಮುಂದೆ ಬಂದು, ಅಲ್ಲಿದ್ದ ಬೇವಿನ ಮರಕ್ಕೆ ಮುಖ ಮಾಡಿ, "ಬೇವಿನ ಮರಾ, ನಮ್ಮ ಎತ್ತು ಕಳದಾವ ನೋಡಪ್ಪಾ" ಎಂದರು.

ಮರ ಸುಮ್ಮನಿತ್ತು. ಗದ್ದೆಪ್ಪ ಹಲಗೆಯನ್ನು ಬೆಂಕಿಗೆ ಕಾಯಿಸಿ ಬಿಗಿ ಮಾಡಿಕೊಂಡು ಹೊರಟು ಸುತ್ತಿನ ಹಳ್ಳಿಗಳಲ್ಲೆಲ್ಲ ಸಾರಿದ. ಸಂಜೆಗೆ ಗಬ್ಬೂರಿನ ರೈತನೊಬ್ಬ ಎತ್ತು ಹೊಡೆದುಕೊಂಡು ಬಂದ.

ಮರುದಿನ ಬಾವಿಯ ಹತ್ತಿರ ಗೌಡರ ಹೆಂಡತಿ ಶಿವಬಸಮ್ಮ ತಾವೇ ಮಾನಮ್ಮನನ್ನು ಕರೆದು ಕೊಡ ತುಂಬ ನೀರು ಸುರಿದರು. ಗೌಡರು ಅಲ್ಲಿಯೂ ಒಂದು ಮರ ಹುಡುಕಿಕೊಂಡು ಅದನ್ನೇ ನೋಡುತ್ತ ನಿಂತಿದ್ದರು. ದೇವಿಯ ಪೂಜೆಗೆ ಪರವೂರಿನ ಹಲಗೆ ಬಂತು. ಮಾನಮ್ಮ ಅದೇ ಊರಲ್ಲಿ ಹೆತ್ತಳು.

ಓದಿದವನಲ್ಲವೇ ನಾನು, ಒಂದು ದಿನ ಕೇಳಿಯೇಬಿಟ್ಟೆ: ಅಷ್ಟು ಕಾಡಿದವರ ಎತ್ತು ಕಳೆದಾಗ ಹಲಗೆಯನ್ನು ಸ್ವಲ್ಪ ಮೆಲ್ಲಗೆ ಬಾರಿಸಬಹುದಿತ್ತಲ್ಲ, ಗದ್ದೆಪ್ಪ?

"ಗದ್ದೆಪ್ಪನ ಮನಿಯವರಿಗೆ ನೀರು ಹಾಕಬ್ಯಾಡ್ರಿ ಅಂತ ಎತ್ತು ಹೇಳಿದ್ವೇನ್ರಿ, ಮಾಸ್ತರ?"